ಏಳಲ್ಲ, ಐದು

ಲಿಫ್ಟು ತಪಾಸಣೆಗಾರನ ರಕ್ತದೊತ್ತಡಕ್ಕೆ ಮೇಲೆ ಹೋಗುವುದಷ್ಟೇ ಗೊತ್ತಿತ್ತು, ಕೆಳಗೆ ಬರುವ ಗುಂಡಿ ಕೆಟ್ಟುಹೋಗಿತ್ತು. ನಾಲ್ಕನೆಯ ಮಹಡಿಯ ಡಾಕ್ಟರು ಅವನ ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತ, "ಗುಳಿಗೆ ಕಮ್ಮಿ ಆಗ್ಬೇಕು ಅಂದ್ರೆ ಗುಳಿಗೆ ಚೆಂಡು ಹಾಕಿ. ಗಾಲ್ಫ್ ಆಡಿ. ಕಾಲಿಗೆ ಒಳ್ಳೇದು, ನಡೀತೀರ. ತಲೆಗೆ ಒಳ್ಳೇದು, ಚೆಂಡು ಹುಡುಕೋನಿಗೆ ಚಿಂತೆ ಮಾಡೋಕೆ ಪುರುಸೊತ್ತಿರಲ್ಲ. ಜೊತೆಗೆ ನಾಲ್ಕು ಜನರ ಪರಿಚಯ ಆಗುತ್ತೆ" ಎಂದರು.

"ನಾಲ್ಕು ಜನ ಹೇಗೂ ಬರ್ತಾರೆ ಡಾಕ್ಟ್ರೇ, ಕೊನೇಲಿ ಹೊರೋಕೆ."

ಡಾಕ್ಟರು ನಗಲಿಲ್ಲ. ಮಾರನೆಯ ದಿನ ಕಚೇರಿಯಲ್ಲಿ ಇದನ್ನೇ ಡಾಕ್ಟರ ಗೊಗ್ಗರು ದನಿಯಲ್ಲಿ ಆಡಿ ತೋರಿಸಿದಾಗ ಎಲ್ಲರೂ ನಕ್ಕರು. ಅನುಕರಣೆಯಲ್ಲಿ ಅವನದು ಎತ್ತಿದ ಕೈ. ಅದರಲ್ಲೂ ಮೇಲಧಿಕಾರಿಯ ಅನುಕರಣೆ. ಕತ್ತನ್ನು ಆಮೆಯ ಹಾಗೆ ಒಳಗೆಳೆದುಕೊಂಡು, ಕೆಳತುಟಿ ಮುಂದೆ ಮಾಡಿ, "ಪರವಾಗಿಲ್ಲ ಬಿಡಿ" ಎಂದರೆ ಸಾಕು, ಚಹಾ ಕುಡಿಯುತ್ತಿದ್ದವರ ಮೂಗಿನಲ್ಲಿ ಚಹಾ ಬರುತ್ತಿತ್ತು. ಆ ಅಧಿಕಾರಿಗೆ ಕಚೇರಿ ಇಟ್ಟ ಹೆಸರೇ 'ಪರವಾಗಿಲ್ಲ'.

ಅಂದು ಪರವಾಗಿಲ್ಲ ಬಾಗಿಲಲ್ಲೇ ನಿಂತಿದ್ದರು. ಬಯ್ಯಲಿಲ್ಲ.

"ಭಾನುವಾರ ಬೆಳಿಗ್ಗೆ ಬನ್ನಿ, ಗಾಲ್ಫ್ ನಾನು ಕಲಿಸ್ತೀನಿ. ಕೋಲುಗಳ ಚೀಲ ಇದೆ. ನಿಮ್ಮ ಜಾಗದಲ್ಲಿ ಹಿಂದೆ ಇದ್ರಲ್ಲ, ಅವರದ್ದು."

"ಅವರು ಆಡಲ್ವಾ ಸಾರ್ ಈಗ?"

"ಆಟ ಬಿಟ್ರು."

"ಕೆಲಸಾನೂ ಬಿಟ್ರಂತೆ."

"ಹೌದು, ಅದೂ ಬಿಡ್ತು" ಎಂದರು ಪರವಾಗಿಲ್ಲ.

ಚೀಲದ ಪಕ್ಕದ ಜೇಬಿನಲ್ಲಿ ಎಡಗೈಯ ಒಂದು ಕೈಗವಸು ಸಿಕ್ಕಿತು. ಬೆವರು ಒಣಗಿ ಸೆಟೆದಿತ್ತು. ಒಳಗೆ ಇನ್ನೂ ಯಾರದೋ ಕೈ ಇರುವಂತೆ ಬೆರಳುಗಳು ಮಡಚಿದ್ದವು. ಅದರೊಳಗೆ ಆಟದ ಅಂಕಪಟ್ಟಿಯೊಂದು. ಆರನೆಯ ಗುಳಿಯ ಎದುರು 5 ಎಂದು ಬರೆದು, ಹೊಡೆದುಹಾಕಿ, 7 ಎಂದು ತಿದ್ದಿದ್ದರು. ಪೆನ್ಸಿಲ್ಲು ಒತ್ತಿದ ರಭಸಕ್ಕೆ ಕಾಗದ ಹರಿದಿತ್ತು. ಪಾಪ, ಎಣಿಕೆ ಬರದ ಮನುಷ್ಯ ಇರಬೇಕು ಎಂದುಕೊಂಡು ತಪಾಸಣೆಗಾರ ಎಲ್ಲವನ್ನೂ ಇದ್ದಲ್ಲೇ ಇಟ್ಟ.

ಈ ಆಟದಲ್ಲಿ ಒಂದು ಪದ್ಧತಿ ಇದೆ. ನಿಮ್ಮ ಹೊಡೆತಗಳನ್ನು ಪಟ್ಟಿಯಲ್ಲಿ ನೀವು ಬರೆಯುವುದಿಲ್ಲ. ಜೊತೆಗಾರ ಎಣಿಸಿ, ಬರೆದು, ಕೊನೆಗೆ ಸಹಿ ಹಾಕುತ್ತಾನೆ. ಅವನದನ್ನು ನೀವು. ಅಂಪೈರಿಲ್ಲ, ಸೀಟಿಯಿಲ್ಲ. ಅಷ್ಟು ದೊಡ್ಡ ಬಯಲಿಗೆ ಎರಡು ಸಹಿಗಳೇ ಕಾವಲು.

ಮೊದಲ ಭಾನುವಾರ ಆರನೆಯ ಗುಳಿಯ ಹತ್ತಿರ ಪರವಾಗಿಲ್ಲ ಅವರ ಚೆಂಡು ಪೊದೆಗೆ ಹೋಯಿತು. ಅವರು ಬೂಟಿನ ತುದಿಯಿಂದ ಅದನ್ನು ಹುಲ್ಲಿಗೆ ತಂದರು; ಕೈಚಳಕ ಕೇಳಿದ್ದೇವೆ, ಇದು ಕಾಲ್ಚಳಕ. ತಪಾಸಣೆಗಾರ ಹೊಡೆತ ಎಣಿಸಿದ್ದ. ಏಳು. ಪರವಾಗಿಲ್ಲ ಆಕಾಶ ನೋಡುತ್ತ ಕೇಳಿದರು:

"ಐದು ಅಲ್ವಾ?"

ಗಾಳಿ ನಿಂತಿತ್ತು. ಅವನು ಐದು ಬರೆದ. ಆಟ ತಾನೆ.

"ಪರವಾಗಿಲ್ಲ" ಎಂದರು ಅವರು. ಸಹಿಯಾದ ಪಟ್ಟಿಯನ್ನು ನೀಟಾಗಿ ಮಡಚಿ ಅಂಗಿಯ ಜೇಬಿಗೆ ಇಳಿಸಿಕೊಂಡರು.

ಡಾಕ್ಟರ ಮಾತು ಸುಳ್ಳಾಗಲಿಲ್ಲ. ಎರಡು ತಿಂಗಳಲ್ಲಿ ಸೊಂಟದ ಪಟ್ಟಿ ಎರಡು ತೂತು ಒಳಗೆ ಬಂತು. ಹಾಸಿಗೆಗೆ ಬಿದ್ದರೆ ಕೊರಡು. ಹೆಸರೇ ಗೊತ್ತಿಲ್ಲದ ದೊಡ್ಡ ಮನುಷ್ಯರು ಬೀದಿಯಲ್ಲಿ ಕಾರು ನಿಲ್ಲಿಸಿ ಮಾತಾಡಿಸಿದರು. ಅವರಲ್ಲೊಬ್ಬ ಡಾಕ್ಟರ ಕಟ್ಟಡದ ಮಾಲೀಕ. ಪ್ರತಿ ಭಾನುವಾರ ಆರನೆಯ ಗುಳಿಯಲ್ಲಿ ಆಕಾಶ ನೋಡುವ ಆ ಪ್ರಶ್ನೆ ಬರುತ್ತಿತ್ತು. ಈಗೀಗ ಅವನು ಎಣಿಸುವುದನ್ನೇ ಬಿಟ್ಟಿದ್ದ.

ಬೇರೊಂದು ಬದಲಾವಣೆಯೂ ಆಗಿತ್ತು. ಒಂದು ಮಧ್ಯಾಹ್ನ ಕಚೇರಿಯಲ್ಲಿ ಕತ್ತು ಒಳಗೆಳೆದು "ಪರವಾಗಿಲ್ಲ ಬಿಡಿ" ಎಂದಾಗ ಒಬ್ಬರೂ ನಗಲಿಲ್ಲ. ಬೆನ್ನು ಮಾಡಿ ಕೂತಿದ್ದ ಇಬ್ಬರು ಥಟ್ಟನೆ ಎದ್ದು ನಿಂತರು.

ಮನೆಯಲ್ಲಿ ಹೆಂಡತಿಯೂ ಅಂದಳು, "ರೀ, ಆ ದನಿ ಸಾಕು ಮಾಡಿ."

"ಯಾವ ದನಿ? ನಾನು ಮಾಮೂಲಿ ಮಾತಾಡ್ತಾ ಇದೀನಲ್ಲ."

"ಅದೇ ನಾನು ಹೇಳ್ತಿರೋದು."

ಹನ್ನೊಂದನೆಯ ಭಾನುವಾರದ ಮರುದಿನ ಡಾಕ್ಟರ ಕಟ್ಟಡದ ಲಿಫ್ಟಿನ ಸರದಿ. ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿ ವಿದ್ಯುತ್ ಕಡಿದು, ಉಕ್ಕಿನ ಹಗ್ಗದ ಮೇಲೆ ಹತ್ತಿಬಟ್ಟೆ ಹಿಡಿದು ಸವರುತ್ತ ಹೋದ. ಕಡಿದ ಎಳೆ ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅವರ ಕಚೇರಿಯ ನಿಯಮದಂತೆ ಒಂದು ಗೇಣಿನಲ್ಲಿ ಆರು ಎಳೆ ಮೀರಿ ಕಡಿದಿದ್ದರೆ ಲಿಫ್ಟು ನಿಲ್ಲಿಸಿ ಹಗ್ಗ ಬದಲಿಸಬೇಕು. ಬಟ್ಟೆ ಒಂದೇ ಗೇಣಿನಲ್ಲಿ ಏಳು ಸಲ ಸಿಕ್ಕಿಕೊಂಡಿತು. ತನ್ನ ಅತ್ತೆಯೂ ಮಂಡಿನೋವಿಗೆ ಪ್ರತಿ ವಾರ ಇದೇ ಲಿಫ್ಟು ಹತ್ತುತ್ತಾರೆ ಎಂಬುದು ನೆನಪಾಗಿ, ಏಳು ಎಳೆ ಕಡಿದಿದೆ ಎಂದು ಮೇಲಧಿಕಾರಿಗೆ ಫೋನು ಮಾಡಿದ.

"ಹೊಸ ಹಗ್ಗ ಬರೋಕೆ ಮೂರು ವಾರ. ಕಟ್ಟಡದವರು ನಮ್ಮ ಜೊತೆ ಆಡೋರು, ಬೇಜಾರು ಮಾಡ್ಕೋತಾರೆ" ಎಂದರು ಪರವಾಗಿಲ್ಲ. ಆಮೇಲೆ ಆಕಾಶ ನೋಡಿರಬೇಕು. ಫೋನಿನಲ್ಲೂ ಗೊತ್ತಾಗುತ್ತಿತ್ತು.

"ಐದು ಅಲ್ವಾ?"

ಅವನ ಪೆನ್ನು ಆಗಲೇ ವರದಿಯ ಮೇಲೆ ಇಳಿದು 5 ಬರೆದು ಮುಗಿಸಿತ್ತು. ಅವನು ಬರೆಸಿರಲಿಲ್ಲ, ಕೈಗೆ ಅಭ್ಯಾಸ. ಹನ್ನೊಂದು ವಾರದ ತರಬೇತಿ. ಜನರನ್ನು ಮೇಲಿನ ಮಹಡಿಗೆ ಕಳಿಸುವುದು ಅವನ ಕೆಲಸ, ಮೇಲಕ್ಕೇ ಕಳಿಸುವುದಲ್ಲ. ಅವನು 5 ಹೊಡೆದುಹಾಕಿ ಪಕ್ಕದಲ್ಲಿ 7 ಎಂದು ಒತ್ತಿದ. ಕಾಗದ ಹರಿಯಿತು.

ಕೈಗವಸಿನೊಳಗಿನ ಅಂಕಪಟ್ಟಿಯೂ ಹೀಗೇ ಹರಿದಿತ್ತು. ಎಣಿಕೆ ಬರದ ಆ ಮನುಷ್ಯ ಯಾಕೆ ಆಟ ಬಿಟ್ಟ ಎಂದು ಈಗ ತಿಳಿಯಿತು. ಕೆಳಗಿಳಿದು 'ಹತ್ತಬೇಡಿ' ಹಲಗೆ ನೇತುಹಾಕಿ ಬಂದ.

ಸಂಜೆ ಪರವಾಗಿಲ್ಲ ಮೇಜಿನ ಮೇಲೆ ಹನ್ನೊಂದು ಅಂಕಪಟ್ಟಿಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದರು.

"ನಿಮ್ಮ ಸಹಿ ತಾನೆ?"

"ಹೌದು ಸಾರ್."

"ಆರನೇ ಗುಳಿ. ಏಳು ಹೊಡೆದಿದ್ದೆ, ಐದು ಬರೆದಿದೀರಿ. ಹನ್ನೊಂದು ಸಲ."

"ನೀವೇ ಹೇಳಿದ್ದು ಸಾರ್."

"ನಾನೆಲ್ಲಿ ಹೇಳಿದೆ? ಅಲ್ವಾ ಅಂತ ಕೇಳಿದೆ. ಅಲ್ಲ ಅನ್ನಬಹುದಿತ್ತಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ಏಳು ಕಂಡು ಐದು ಬರೆಯೋ ಮನುಷ್ಯ, ಹಗ್ಗದಲ್ಲಿ ಐದು ಕಂಡು ಏಳು ಬರೆದಿಲ್ಲ ಅಂತ ಯಾರು ನಂಬ್ತಾರೆ? ಚೀಲ ನಾಳೆ ತಂದುಕೊಡಿ. ಪರವಾಗಿಲ್ಲ, ಅವಸರ ಇಲ್ಲ."

ಚೀಲ ಹಿಂತಿರುಗಿಸುವ ಮೊದಲು ಅವನು ತನ್ನ ಕೈಗವಸನ್ನೂ ಆ ಹಳೆಯದರ ಪಕ್ಕ ತುರುಕಿದ. ಹರಿದ ವರದಿಯ ನಕಲು ಅದರೊಳಗೆ. ಚೀಲ ಯಾರಿಗೆ ಹೋಗುತ್ತದೆಂದು ಗೊತ್ತಿತ್ತು: ಅವನ ಪಕ್ಕದ ಮೇಜಿನ 'ಹೂಂ'ಗೆ. ಏನು ಹೇಳಿದರೂ ಹೂಂ ಅನ್ನುವ ಒಳ್ಳೆಯ ಮನುಷ್ಯ.

"ಆ ಹಗ್ಗಕ್ಕೆ ನೀನೇ ಬಟ್ಟೆ ಹಿಡಿದು ನೋಡಪ್ಪ" ಎಂದ ಅವನಿಗೆ.

"ಹೂಂ."

"ಚೀಲದ ಪಕ್ಕದ ಜೇಬು ನೋಡು."

"ಹೂಂ. ಈ ಭಾನುವಾರದಿಂದ ನನಗೂ ಕಲಿಸ್ತಾರಂತೆ. ಸಕ್ಕರೆ ಕಾಯಿಲೆಗೆ ಒಳ್ಳೇದಂತೆ."

ಮುಂದಿನ ವಾರ ಅತ್ತೆಯನ್ನು ಕರೆದುಕೊಂಡು ಡಾಕ್ಟರ ಕಟ್ಟಡಕ್ಕೆ ಬಂದಾಗ ಅವನ ಹಲಗೆ ಇರಲಿಲ್ಲ. ಆ ಜಾಗದಲ್ಲಿ ಗಾಜಿನ ಚೌಕಟ್ಟಿನೊಳಗೆ ಹೊಸ ಪ್ರಮಾಣಪತ್ರ. ಕಡಿದ ಎಳೆ: 5. ಕೆಳಗೆ ಹೂಂನ ದುಂಡು ಸಹಿ. ಬಾಗಿಲ ಮುಂದೆ ಎಂಟು ಜನ ಕಾಯುತ್ತಿದ್ದರು.

"ಹತ್ತಬೇಡಿ, ಹಗ್ಗ ಸರಿಯಿಲ್ಲ. ನಾನೇ ನೋಡಿದ್ದು" ಎಂದ.

ಕಾವಲುಗಾರ ಮುಂದೆ ಬಂದ. "ಸಾರ್, ದಯವಿಟ್ಟು. ನಿಮ್ಮ ಎಣಿಕೆ ವಿಚಾರ ನಮಗೆಲ್ಲ ಹೇಳಿದಾರೆ."

ಯಾರೋ ಕಿಸಕ್ಕೆಂದರು. ಬಾಗಿಲು ತೆರೆಯಿತು, ಎಂಟು ಜನರನ್ನೂ ನುಂಗಿ ಮುಚ್ಚಿಕೊಂಡಿತು.

"ಮೆಟ್ಟಿಲಲ್ಲಿ ಹೋಗೋಣ ಅತ್ತೆ."

"ಮಂಡಿನೋವು ತೋರಿಸೋಕೆ ಬಂದೋಳನ್ನ ನಾಲ್ಕು ಮಹಡಿ ಹತ್ತಿಸ್ತೀರಲ್ಲ ಅಳಿಯಂದ್ರೇ."

"ಕೈ ಕೊಡಿ. ಬೇಕಾದ್ರೆ ಹೊತ್ಕೊಂಡು ಹೋಗ್ತೀನಿ."

ಮೂರನೆಯ ಮಹಡಿಯ ತನಕ ಅರ್ಧಕ್ಕರ್ಧ ಹೊತ್ತೇ ಹೋದ. ಏದುಸಿರಿಲ್ಲ, ಎದೆ ನಿರಾಳ. ಮೈ ಗಾಲ್ಫಿಗೆ ಋಣಿಯಾಗಿತ್ತು. ಗೋಡೆಯಾಚೆ ಲಿಫ್ಟು ಇಳಿಯಿತು, ಮತ್ತೆ ತುಂಬಿಕೊಂಡು ಏರತೊಡಗಿತು. ಒಳಗೆ ಯಾರೋ ನಗುತ್ತಿದ್ದರು. ಅವನು ಗೋಡೆಗೆ ಕಿವಿಯಿಟ್ಟು ನಿಂತ. ಮೇಲೆಲ್ಲೋ, ಉಗುರು ಮುರಿದಷ್ಟು ಸಣ್ಣಗೆ, ಎಳೆಯೊಂದು ಟಿಕ್ ಎಂದಿತು.

"ಎಂಟು" ಎಂದ.

"ಏನದು ಎಂಟು?" ಎಂದರು ಅತ್ತೆ.

ಅವನು ಕೈಯೆತ್ತಿ ಸುಮ್ಮನಿರಿ ಎಂದ. ಅವನೀಗ ಮತ್ತೆ ಎಣಿಸತೊಡಗಿದ್ದ.