ನೊರೆ ಬಾರದ ಸ್ಕಿಮ್ಮರ್

ಗಾಜಿನ ತೊಟ್ಟಿಗೆ ಹದಿನೈದು ಸಾವಿರ, ಲೈಟಿಗೆ ನಾಲ್ಕು, ಸಮುದ್ರದ ಉಪ್ಪಿಗೆ ತಿಂಗಳು ತಿಂಗಳೂ ಬೇರೆ. ಈಗ ನೀರಿನ ಕೊಳೆ ತೆಗೆಯುವ ಈ ಸ್ಕಿಮ್ಮರ್ ಒಂದಕ್ಕೇ ಎರಡು ಕ್ವಿಂಟಾಲ್ ಕೊಬ್ಬರಿಯ ದುಡ್ಡು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಚನ್ನೇಶ ಯಾವ ಖರ್ಚನ್ನೂ ಕೊಬ್ಬರಿಯಲ್ಲೇ ಅಳೆಯುವವನು. ಆದರೂ ಈ ಲೆಕ್ಕ ಅವನಿಗೆ ಭಾರವೆನಿಸಲಿಲ್ಲ.

ಹಾಸನದ ಆಸ್ಪತ್ರೆಯಿಂದ ಎರಡನೇ ಸಲವೂ ಬರಿಮಡಿಲಲ್ಲಿ ಮನೆಗೆ ಬಂದ ಮೇಲೆ ಅವನ ಹೆಂಡತಿ ಅರುಣಾ ಮಾತನ್ನೇ ಕಡಿಮೆ ಮಾಡಿಬಿಟ್ಟಿದ್ದಳು. ಮಂಗಳೂರಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಕಡಲ ಮೀನಿನ ತೊಟ್ಟಿಯ ಮುಂದೆ ಅವಳು ಬಹಳ ಹೊತ್ತು ನಿಂತದ್ದನ್ನು ಚನ್ನೇಶ ನೋಡಿದ್ದ. ಅಂಥದ್ದೇ ಒಂದನ್ನು ತಂದು ನಡುಮನೆಯಲ್ಲಿ ಕೂರಿಸಿದ.

"ಲಿಂಗ ಕಟ್ಟಿದ ಮನೇಲಿ ಮೀನು ಸಾಕೋದು ನಮ್ಮ ಕಾಲಕ್ಕೇ ಬಂತು," ಎಂದು ಅವನ ತಾಯಿ ವಿಶಾಲಮ್ಮ ಗೊಣಗಿದರು. "ತಿನ್ನೋರಾದ್ರೆ ಅದಕ್ಕೊಂದು ಅರ್ಥ ಐತೆ."

ಎರಡು ಸಾವಿರದ ಏಳರ ದೀಪಾವಳಿ ಕಳೆದಿತ್ತು. ಒಂದು ಬೆಳಗ್ಗೆ ಅರುಣಾ ಕರೆದಳು. "ರೀ, ಬನ್ನಿ ಇಲ್ಲಿ. ಮೊಟ್ಟೆ ಇಟ್ಟಿವೆ."

ಕಲ್ಲಿನ ಮೇಲೆ ರಾಗಿಕಾಳಿಗಿಂತ ಸಣ್ಣ ಕಿತ್ತಳೆ ಬಣ್ಣದ ಮೊಟ್ಟೆಗಳು ಒತ್ತೊತ್ತಾಗಿ ಅಂಟಿದ್ದವು. ಬಿಳಿ ಪಟ್ಟೆಯ ಮೀನುಗಳ ಜೋಡಿಯಲ್ಲಿ ಚಿಕ್ಕದು ಅವುಗಳ ಮುಂದೆ ನಿಂತು ರೆಕ್ಕೆಯಿಂದ ಗಾಳಿ ಬೀಸುವ ಹಾಗೆ ನೀರು ಬೀಸುತ್ತಿತ್ತು.

"ಅದು ಗಂಡು ಕಣ್ರೀ. ನೋಡ್ಕೊಳ್ಳೋದೆಲ್ಲ ಅದೇ. ಅವಳು ಇಟ್ಟು ಆರಾಮಾಗವ್ಳೆ."

"ಪುಣ್ಯವಂತೆ ಬಿಡು," ಎಂದ ಚನ್ನೇಶ. ಅರುಣಾ ನಕ್ಕಳು. ಅವತ್ತು ಮುದ್ದೆ ಪೂರ್ತಿ ಉಂಡಳು. ರಾತ್ರಿ ತಟ್ಟೆ ಎತ್ತುವಾಗ ತಾನಾಗಿಯೇ ಅಂದಳು: "ಸಂಕ್ರಾಂತಿ ಕಳೀಲಿ. ಇನ್ನೊಂದ್ಸಲ ಡಾಕ್ಟ್ರ ಹತ್ರ ಹೋಗಿ ಬರೋಣ್ವಾ?"

ಅವನು ಹೂಂ ಅಂದ. ಜಾಸ್ತಿ ಮಾತಾಡಿದರೆ ಎಲ್ಲಿ ಅವಳ ಮನಸ್ಸು ಹಿಂದೆ ಸರಿಯುತ್ತದೋ ಎಂದು ಅಷ್ಟಕ್ಕೇ ಸುಮ್ಮನಾದ. ಮಾರನೆಯ ದಿನ ಮಂಡಿಯಿಂದಲೇ ಬೆಂಗಳೂರಿನ ಮೀನಿನ ಅಂಗಡಿಗೆ ಫೋನ್ ಮಾಡಿದ. ನೀರು ಕೊಳೆಯಾಗಿದ್ದರೆ ಮೊಟ್ಟೆ ಉಳಿಯುವುದಿಲ್ಲ, ಸ್ಕಿಮ್ಮರ್ ಹಾಕಿ ಎಂದರು. ನೀರಿಗೆ ಗಾಳಿ ಊದಿ, ನೊರೆ ಎಬ್ಬಿಸಿ, ಆ ನೊರೆಯ ಜೊತೆ ಕೊಳೆಯನ್ನೂ ಮೇಲಿನ ಬಟ್ಟಲಿಗೆ ತಳ್ಳುವ ಕೊಳವೆಯಂತೆ. "ಹೊಸದ್ರಲ್ಲಿ ಒಂದು ವಾರ ನೊರೆ ಬರಲ್ಲ ಸಾರ್, ಗಾಬರಿ ಆಗ್ಬೇಡಿ," ಎಂದೂ ಹೇಳಿದರು.

ಬಸ್ಸಿನಲ್ಲಿ ಪೆಟ್ಟಿಗೆ ಬಂತು. ಬಿಚ್ಚಿ ನೋಡಿದರೆ ಅದನ್ನು ಇಡಲು ಜಾಗವೇ ಇಲ್ಲ. ತೊಟ್ಟಿಯ ನೀರು ಇಳಿದು, ಸೋಸಿ, ಮತ್ತೆ ಮೇಲೆ ಹೋಗುವ ಗಾಜಿನ ಸಂಪು ಕೆಳಗಿನ ಬೀರುವಿನಲ್ಲಿತ್ತು. ಬೀರುವಿಗೆ ಒಂದು ಕಡೆ ಕಂಬ, ಇನ್ನೊಂದು ಕಡೆ ಗೋಡೆ. ಬೀರು ಮಾಡಿಕೊಟ್ಟಿದ್ದ ಬಡಗಿ ಗಂಗಯ್ಯನನ್ನೇ ಕರೆಸಿದ.

"ಸಾವ್ಕಾರ್ರೇ, ಕೋಳಿಗೂಡು ಮಾಡ್ಸಿ ಎಮ್ಮೆ ತಂದಿದ್ದೀರಲ್ಲ," ಎಂದ ಗಂಗಯ್ಯ. "ಗೋಡೆ ಒಡೀಲಾ?"

"ಆ ಕಡೆ ದೇವ್ರಮನೆ ಕಣಯ್ಯ. ಅಮ್ಮ ನಿನ್ನ ತಲೆ ಒಡೀತಾಳೆ."

ಗಂಗಯ್ಯ ಬೀರುವಿನ ಮೇಲಿನ ಪಟ್ಟಿ ಕತ್ತರಿಸಿದ. ಬಟ್ಟಲನ್ನು ಓರೆ ಮಾಡಿ ಹೊರಗೆ ತೆಗೆಯುವಷ್ಟು ಎತ್ತರ ಸಿಕ್ಕಿತು. ಅಗಲ ಮಾತ್ರ ಸಾಲಲಿಲ್ಲ. ಸಂಪಿನಲ್ಲಿದ್ದ ಸೋಸುವ ಸ್ಪಂಜನ್ನೂ ಗಾಳಿಯ ಕೊಳವೆಯನ್ನೂ ಚನ್ನೇಶ ಕಿತ್ತು ಹೊರಗಿಟ್ಟ. ಹೇಗೂ ಎರಡರ ಕೆಲಸವನ್ನೂ ಇದೇ ಮಾಡುತ್ತದಲ್ಲ. ಆಗ ಸ್ಕಿಮ್ಮರ್ ಇಳಿಯಿತು. ಆದರೆ ಪಂಪಿನ ಮೊಣಕೈ ಪೈಪು ರಬ್ಬರ್ ಉಂಗುರದೊಳಗೆ ಹೋಗಲೊಲ್ಲದು. ಆ ಸಂದಿಯಲ್ಲಿ ಎರಡು ಬೆರಳು ಬಿಟ್ಟರೆ ಕೈ ಆಡುವುದಿಲ್ಲ. ಮಂಡಿಯ ಶಟರಿಗೆ, ಬಾವಿಯ ಗಡಗಡೆಗೆ, ಕೈಯಿಂದ ಇಳಿಯದ ಬಳೆಗೆ ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ. ಬೆರಳನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಉಂಗುರದ ಸುತ್ತ ಸವರಿದ. ಪೈಪು ಸರ್ರನೆ ಕೂತಿತು. ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಅರುಣಾ "ಭೇಷ್" ಅಂದಳು.

ಸ್ಕಿಮ್ಮರ್ ಸದ್ದು ಮಾಡಿತು. ಗುಳ್ಳೆಗಳು ಮೇಲೆ ಬಂದವು, ಅಲ್ಲೇ ಒಡೆದವು. ಬಟ್ಟಲು ಒಣಗಿಯೇ ಇತ್ತು. ವಾರ ಬೇಕೆಂದು ಹೇಳಿದ್ದಾರಲ್ಲ ಎಂದು ಚನ್ನೇಶ ತಾಳಿಕೊಂಡ. ನಡುವೆ ಒಮ್ಮೆ ಪೈಪು ಸಡಿಲವಾಗಿರಬಹುದೆಂದು ಬಿಚ್ಚಿ, ಇನ್ನೊಂದಿಷ್ಟು ಎಣ್ಣೆ ಸವರಿ ಕೂರಿಸಿದ.

ಅಷ್ಟರಲ್ಲಿ ಮೊಟ್ಟೆಗಳಲ್ಲಿ ಬೆಳ್ಳಿಯ ಚುಕ್ಕಿಗಳು ಮೂಡಿದವು. ಅರುಣಾ ಅತ್ತೆಯ ಕೈ ಹಿಡಿದು ಕರೆತಂದಳು. "ಕಣ್ಣು ಅತ್ತೆ, ಎಲ್ಲಾದಕ್ಕೂ ಕಣ್ಣು ಬಂದಿದೆ."

ವಿಶಾಲಮ್ಮ ಕನ್ನಡಕ ಏರಿಸಿ ಬಾಗಿದರು. "ಹೂಂ ಕಣವ್ವ, ನನ್ನೇ ದುರುಗುಟ್ಕೊಂಡು ನೋಡ್ತಾವೆ. ಮೀನು ಬೇಡ ಅಂದವಳು ಇವಳೇ ಅಂತ ಗೊತ್ತಾಗೈತೆ."

ಮಾರನೆಯ ದಿನದಿಂದ ನೀರು ಮಂಕಾಯಿತು. ಮೇಲೆ ತೆಳ್ಳಗೆ ಹೊಳಪಿನ ಪದರ ಕಟ್ಟಿತು. ದೊಡ್ಡ ಮೀನು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿತ್ತು. ಚಿಕ್ಕದು ಕಲ್ಲು ಬಿಟ್ಟು ಮೇಲೆ ಬರಲಿಲ್ಲ; ಅಲ್ಲೇ ನಿಂತು ಬೀಸುತ್ತಲೇ ಇತ್ತು, ದಿನವೆಲ್ಲ, ನಿಧಾನವಾಗುತ್ತಾ. ಮುಂದಿನ ಬೆಳಗ್ಗೆ ಕಲ್ಲಿನ ಬುಡದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಮೊಟ್ಟೆಗಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದವು.

ಚನ್ನೇಶ ಮಂಡಿಗೆ ಹೋಗಿ ಫೋನ್ ಮಾಡಿದ. ಅಂಗಡಿಯವರು ಎಲ್ಲ ಕೇಳಿಸಿಕೊಂಡು, "ಎಣ್ಣೆ ಏನಾದ್ರೂ ತಾಗಿತ್ತಾ ಸಾರ್? ಎಣ್ಣೆ ಬಿದ್ರೆ ನೊರೆ ಕಟ್ಟೋದೇ ಇಲ್ಲ. ಕೊಳೆ ನೀರಲ್ಲೇ ಉಳಿಯುತ್ತೆ, ಮೀನಿಗೆ ಉಸಿರು ಸಿಗಲ್ಲ," ಎಂದರು. ಅವನು ಫೋನ್ ಇಟ್ಟು ತನ್ನ ಕೈ ನೋಡಿಕೊಂಡ.

ಕರೆಂಟು ಹೋಗಿದ್ದರಿಂದ ಹೀಗಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಆ ವಾರ ದಿನಾ ಕರೆಂಟು ಹೋಗುತ್ತಿತ್ತು, ಊರೇ ಸಾಕ್ಷಿ. ದಾರಿಯುದ್ದಕ್ಕೂ ಆ ಮಾತನ್ನೇ ಜೋಡಿಸಿಕೊಂಡು ಬಂದ. ಆದರೆ ತೊಟ್ಟಿಯ ಮುಂದೆ ಕೂತಿದ್ದವಳ ಬೆನ್ನು ಕಂಡಾಗ ಆ ಮಾತು ಬಾಯಿಗೆ ಬರಲಿಲ್ಲ.

"ಅರುಣಾ, ನನ್ನಿಂದಾಗಿದ್ದು. ಪೈಪಿಗೆ ಎಣ್ಣೆ ಹಾಕಿದ್ನಲ್ಲ, ಅದ್ರಿಂದ."

ಅವಳು ತಿರುಗಲಿಲ್ಲ. "ತೊಟ್ಟೀಲಿ ಎಣ್ಣೆ ವಾಸನೆ ಅವತ್ತೇ ಬಂದಿತ್ತು. ನಿಮ್ಮ ಕೈಯಿದು ಅಂದ್ಕೊಂಡೆ."

"ಗೊತ್ತಿದ್ರೆ ಹಾಕ್ತಿದ್ನಾ ಹೇಳು?"

"ಇಲ್ಲ ಬಿಡಿ. ಆಸ್ಪತ್ರೇಲೂ ಹಾಗೇ ಅಂದ್ರು, ಎರಡು ಸಲಾನೂ. ಯಾರ ತಪ್ಪೂ ಅಲ್ಲ ಅಂತ."

ಅವನು ಅವಳ ಭುಜ ಮುಟ್ಟಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡ.

ಉಳಿದ ಹೆಣ್ಣು ಮೀನನ್ನು ನೀರು ತುಂಬಿದ ಚೀಲದಲ್ಲಿ ಬೆಂಗಳೂರಿಗೆ ವಾಪಸು ಕಳಿಸಿದರು. ಸಂಕ್ರಾಂತಿ ಬಂತು, ಹೋಯಿತು. ಡಾಕ್ಟರ ಮಾತನ್ನು ಅರುಣಾ ಎತ್ತಲಿಲ್ಲ. ಎತ್ತುವ ಧೈರ್ಯ ಚನ್ನೇಶನಿಗೂ ಬರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ.