ಮೂರೂ ಚಿಲ್ಲರೆ ಕೆಲ್ವಿನ್

ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳು ತೇಲುತ್ತಿದೆ, ಮಾತಾಡುತ್ತಿರುವುದು ನಾನೇ, ಬಾಯಿ ತನ್ನಷ್ಟಕ್ಕೆ ತಾನು ಒಪ್ಪಿಸುತ್ತಿದೆ, ಎರಡೇ ಪರಮಾಣು ದಪ್ಪದ ಈ ಹಾಳೆಯನ್ನು ತಣಿಸುತ್ತಾ ಹೋದರೆ ಮೂರೂ ಚಿಲ್ಲರೆ ಕೆಲ್ವಿನ್‌ನಲ್ಲಿ ಅದರ ವಿದ್ಯುತ್ ರೋಧ ದಬಕ್ಕನೆ ಸೊನ್ನೆಗೆ ಬೀಳುತ್ತದೆ — ಸುಳ್ಳು, ಬೀಳುವುದು ಹಾಳೆಯದಲ್ಲ, ಇಂಡಿಯಂನದು, ತಂತಿ ಅಂಟಿಸಲು ನಾನೇ ಹಚ್ಚಿದ ಮೆತ್ತನೆಯ ಲೋಹದ್ದು, ಅದು ಹಾಳೆಯ ಅಡಿಗೆ ನುಸುಳಿ ಈ ತಂತಿಯಿಂದ ಆ ತಂತಿಗೆ ಸೇತುವೆ ಕಟ್ಟಿಕೊಂಡಿದೆ, ಅಷ್ಟು ಚಳಿಯಲ್ಲಿ ಇಂಡಿಯಂ ತಾನೇ ರೋಧ ಕಳೆದುಕೊಳ್ಳುತ್ತದೆ ಎಂದು ಯಾವ ಪುಸ್ತಕ ತೆರೆದರೂ ಇದೆ, ಬೆಳಿಗ್ಗೆ ಹನ್ನೊಂದಕ್ಕೆ ಸೂಕ್ಷ್ಮದರ್ಶಕದಲ್ಲಿ ಕಂಡೆ, ಮೂರೂ ಸ್ಯಾಂಪಲ್ಲಿನಲ್ಲಿ, ಮೂರನ್ನೂ ಕಟ್ಟಿದ್ದು ಇದೇ ಕೈ. ಮೇಷ್ಟ್ರ ಕೋಣೆಗೆ ಓಡಿದೆ, ಅವರು ಕನ್ನಡಿ ಇಲ್ಲದೆ ಟೈ ಕಟ್ಟಿಕೊಳ್ಳಲು ಒದ್ದಾಡುತ್ತಿದ್ದರು, ಸಾರ್ ಒಂದ್ನಿಮಿಷ, ಸ್ಯಾಂಪಲ್ಲಿನಲ್ಲಿ — ಎಲ್ಲಾ ಆಮೇಲೆ ಕಣಮ್ಮ, ಮೊದ್ಲು ಹೋಗಿ ಊಟ ಮಾಡು, ಮುಖ ನೋಡು ಹೇಗಾಗಿದೆ. ನಾಳೆ ಅವರ ನಿವೃತ್ತಿ, ಮೂವತ್ತೆರಡು ವರ್ಷ ಇಂಥದೊಂದು ವಸ್ತುವಿಗಾಗಿ ಹುಡುಕಾಡಿ ಎರಡು ಸಲ ಎಡವಿದವರು, ಬೆನ್ನ ಹಿಂದೆ ಎಲ್ಲರೂ ಮರೀಚಿಕೆ ಮೇಷ್ಟ್ರು ಅಂತಲೇ ಅನ್ನುವುದು, ಈಗ ಕಡೆಗೆ ಪ್ರಬಂಧ ಒಪ್ಪಿಗೆಯಾಗಿದೆ, ಬರುವ ವಾರ ಅಚ್ಚಾಗುತ್ತದೆ, ಮೊದಲ ಹೆಸರು ನನ್ನದು, ಕಡೆಯದು ಅವರದು. ಮುಂದಿನ ಸಾಲಿನಲ್ಲಿ ಅವರ ಪಕ್ಕ ಅಮ್ಮ ಕೂತಿದ್ದಾರೆ, ಮೇಷ್ಟ್ರ ಹೆಂಡತಿ, ಐದು ವರ್ಷದಿಂದ ನನಗೂ ಅಮ್ಮನೇ, ಇದೇ ಮೊದಲ ಸಲ ಸೆಮಿನಾರಿಗೆ ಬಂದದ್ದು, ಇಷ್ಟು ವರ್ಷ ಆ ಫ್ರಿಜ್ಜಿನೊಳಗೆ ಇವ್ರು ಏನ್ ಹುಡುಕ್ತಿದ್ರು ಅಂತ ನಾನೂ ನೋಡ್ಬೇಕಲ್ಲ ಮಗಳೇ ಎಂದಿದ್ದರು ಬಾಗಿಲಲ್ಲಿ.

ಎರಡನೇ ಸಾಲಿನಲ್ಲಿ ಕೊಕ್ಕೆ, ಪಕ್ಕದ ಲ್ಯಾಬಿನ ಪ್ರೊಫೆಸರು, ಯಾರ ಮಾತಿಗೂ ಕೊಕ್ಕೆ ಹಾಕದೆ ಬಿಟ್ಟವರಲ್ಲ, ಕೇಳಿ ಸಾರ್, ದಮ್ಮಯ್ಯ, ತಂತಿ ಯಾವುದರಿಂದ ಅಂಟಿಸಿದಿರಿ ಅಂತ ಒಂದೇ ಪ್ರಶ್ನೆ, ನೀವು ಕೇಳಿದರೆ ನಾನು ಬರೀ ಉತ್ತರ ಕೊಟ್ಟವಳಾಗುತ್ತೇನೆ, ಬೆನ್ನಿಗೆ ಇರಿದವಳಾಗುವುದಿಲ್ಲ — ಕೊನೆಯ ಸ್ಲೈಡು ಬಂತು, ವಂದನೆಗಳು, ದೀಪ ಹತ್ತಿತು, ಕೊಕ್ಕೆ ಎದ್ದರು, ಎದ್ದೇಬಿಟ್ಟರು, ಇವತ್ತು ನನ್ ಹತ್ರ ಕೊಕ್ಕೆ ಇಲ್ಲಪ್ಪ, ಅದ್ಭುತ, ಅಷ್ಟೇ. ಎಲ್ಲರೂ ನಕ್ಕರು, ಮೇಷ್ಟ್ರ ಕಿವಿ ಕೆಂಪಾಯಿತು, ಇಳಿದುಬಿಡು, ಮೂರು ಮೆಟ್ಟಿಲು, ಇಳಿದರೆ ಮುಗಿಯಿತು, ಆಮೇಲೆ ಹೇಳಬಹುದು, ಆಮೇಲೆ ಅಂದರೆ ಯಾವಾಗ, ಅಚ್ಚಾದ ಮೇಲೋ, ಎಲ್ಲೋ ನನ್ನಂಥವಳೊಬ್ಬಳು ಇದನ್ನೇ ಮಾಡಿನೋಡಲು ಹೋಗಿ ಎರಡು ವರ್ಷ ಕಳೆದು ತನ್ನ ಕೈಯನ್ನೇ ಬೈದುಕೊಂಡ ಮೇಲೋ, ಕಾಲು ಏಳುತ್ತಿಲ್ಲ, ಸಾರ್, ಯಾರ ದನಿ ಇದು, ಸಾರ್, ಇದು ಹಾಳೆಯದ್ದಲ್ಲ, ಇಂಡಿಯಂದು, ಕೆಳಗೆ ಹರಡ್ಕೊಂಡಿದೆ, ಮೂರರಲ್ಲೂ, ಕಟ್ಟಿದ್ದು ನಾನೇ. ಯಾರೋ ಕೆಮ್ಮಿದರು, ನಿಲ್ಲಿಸಿದರು. ಮೇಷ್ಟ್ರು ತಲೆ ಎತ್ತದೆ ಕೇಳುತ್ತಿದ್ದಾರೆ, ಯಾವಾಗ ಗೊತ್ತಾಯ್ತು, ಬೆಳಿಗ್ಗೆ ಸಾರ್, ಅದನ್ನ ಹೇಳೋಕೇ ಬಂದಿದ್ಯಾ, ಹೌದು ಸಾರ್, ನಾನು ಊಟ ಮಾಡು ಅಂದೆ, ಹೌದು ಸಾರ್, ಮಾಡ್ಲಿಲ್ಲ ಅಲ್ವಾ. ಬೈಯಬಾರದೇ, ಒಂದು ಸಲ ಕೂಗಬಾರದೇ, ಅವರು ಎದ್ದು ನಿಂತು ಸಭೆಯ ಕಡೆ ತಿರುಗಿದ್ದಾರೆ, ಅವಳು ಹೇಳಿದ್ದು ಸರಿ ಇರುತ್ತೆ, ಅವಳ ಕಣ್ಣು ನಂಗೊತ್ತು, ಪ್ರಬಂಧ ವಾಪಸ್ ತಗೋತೀವಿ ಅಂತ ಇವತ್ತೇ ಬರೀತೀನಿ, ಧನ್ಯವಾದ, ಎಂದು ಕೈಮುಗಿದರು, ಮಿಕ್ಕಿದ್ದೇನೂ ತಿಳಿಯದೆ ಆ ಧನ್ಯವಾದವನ್ನಷ್ಟೇ ಕೇಳಿ ಎಲ್ಲ ಮುಗಿಯಿತು, ಚೆನ್ನಾಗಿಯೇ ಮುಗಿಯಿತು ಅಂದುಕೊಂಡು ಅಮ್ಮ ಚಪ್ಪಾಳೆ ತಟ್ಟಿದರು, ಕಣ್ತುಂಬ ನಗುತ್ತಾ, ಒಂದು, ಎರಡು, ಮೂರು, ಇಡೀ ಹಾಲಿನಲ್ಲಿ ಅವರೊಬ್ಬರೇ, ಮೇಷ್ಟ್ರು ಅವರನ್ನೇ ನೋಡಿದರು, ನಾಲ್ಕನೆಯದಕ್ಕೆ ಅಗಲಿಸಿದ ಕೈಗಳು ಅಲ್ಲೇ ನಿಂತವು, ಕೂಡುತ್ತಿಲ್ಲ, ಇಳಿಯುತ್ತಿಲ್ಲ, ಎರಡು ಅಂಗೈ, ನಡುವೆ ಒಂದು ಗೇಣು ಗಾಳಿ, ಎರಡು ಅಂಗೈ, ನಡುವೆ ಒಂದು ಗೇಣು, ಎರಡು ಅಂಗೈ —