ಪಾರಿಸಪ್ಪನ ಪಾಲಿನ ಪೈಪು

ಕೃಷ್ಣೆಯಿಂದ ದಿಗ್ಗೇವಾಡಿಯ ಕಬ್ಬಿಗೆ ನೀರೆತ್ತುವ ಸಿಮೆಂಟು ಪೈಪಿನಲ್ಲಿ ಸೆಕೆಂಡಿಗೆ ಐವತ್ತು ಲೀಟರು ಹರಿಯಬೇಕೆಂದು ಕಂಪ್ಯೂಟರು ಹೇಳುತ್ತಿತ್ತು. ಹೊಲದಲ್ಲಿ ಅಳೆದರೆ ನಲವತ್ತೊಂದು. ನಡುವಿನ ಒಂಬತ್ತು ಲೀಟರು ನೇಮಿನಾಥನ ಎಂ.ಟೆಕ್. ಪ್ರಬಂಧದ ಮೇಲೆ ಕುಳಿತುಬಿಟ್ಟಿತ್ತು. ಸೋಮವಾರದೊಳಗೆ ಎರಡೂ ತಾಳೆಯಾಗದಿದ್ದರೆ ಇನ್ನೊಂದು ವರ್ಷ ಮಣ್ಣು.

ತೊಂಬತ್ತೆರಡನೇ ಇಸವಿಯಲ್ಲಿ ಅವನ ಕೈಗೆ ಸಿಕ್ಕ ಕಂಪ್ಯೂಟರೆಂದರೆ ಚಿಕ್ಕೋಡಿಯಲ್ಲಿ ಗೆಳೆಯ ಉತ್ತಮನ ಟೈಪಿಂಗ್ ಕ್ಲಾಸಿನದು. ಧೂಳು ಬೀಳದಿರಲೆಂದು ಉತ್ತಮ ತನ್ನ ಮದುವೆಯ ಶಾಲನ್ನೇ ಅದಕ್ಕೆ ಹೊದಿಸಿದ್ದ. ಅದರೊಳಗೆ ನೇಮಿನಾಥ ಪೈಪನ್ನು ಸಾವಿರಾರು ಚೌಕಗಳಾಗಿ ಕತ್ತರಿಸಿ, ಪಂಪಿನ ಒತ್ತಡ ಕೊಟ್ಟು, ನೀರಿನ ಸುಳಿಗಳಿಗೊಂದು ಸೂತ್ರ ಹಾಕಿ, ಒಳಗೋಡೆ ನುಣುಪೆಂದು ಬರೆದಿದ್ದ. ಲೆಕ್ಕದ ಸುತ್ತುಸುತ್ತಿಗೂ ತಪ್ಪು ಕರಗುತ್ತ ಬಂದು ಊಟದ ಹೊತ್ತಿಗೆ ಉತ್ತರ ನೆಲೆ ನಿಲ್ಲುತ್ತಿತ್ತು. ಮೂರು ದಿನವೂ ಐವತ್ತೇ.

ಪಂಪು ನೋಡಿಕೊಳ್ಳುವ ಲಗಮಣ್ಣನನ್ನು ಕೇಳಿದ: "ಎಲ್ಲ್ಯಾರ ಸೋರಾಕತ್ತೈತೇನು?"

"ಹನಿ ಸೈತ ಇಲ್ರಿ. ನಿಮ್ಮ ಕಂಪ್ಯೂಟರ್ ಪೈಪಿನ್ಯಾಗ ಕೈ ಹಾಕಿ ನೋಡೈತೇನ್ರಿ?"

"ಅದಕ್ಕೆಲ್ಲಿ ಕೈ?"

"ನಿಮಗದಾವಲ್ರಿ. ನಾ ಹೇಳಿದ್ರ ನನ್ನ ನೌಕರಿ ಹೋಗತೈತಿ."

ಪೈಪು ಹೂಳುವಾಗ ನೀರಾವರಿ ಸಂಘದ ಪಾಲುದಾರರು ತಮ್ಮ ತಮ್ಮ ಪಾಲಿನ ಉದ್ದಕ್ಕೆ ತಾವೇ ಆಳು ಹಚ್ಚಿದ್ದರು. ಪೈಪಿಗೆ ಪೈಪು ಸೇರುವ ಕೂಡುಗಳಲ್ಲಿ ಒಳಕ್ಕೆ ಉಕ್ಕಿದ ಹಸಿ ಸಿಮೆಂಟನ್ನು, ಹುಲ್ಲು ತುಂಬಿದ ಗೋಣಿಚೀಲ ಹಗ್ಗಕ್ಕೆ ಕಟ್ಟಿ ಎಳೆದು ಒರೆಸಬೇಕು. ಎಲ್ಲರೂ ಎಳೆದರು. ಎಲ್ಲರೂ ಎಳೆದರೋ ಇಲ್ಲವೋ ಎಂದು ನಿಂತು ನೋಡಿದವರು ಚೇರಮನ್ ಪಾರಿಸಪ್ಪ. ಅರ್ಧ ಪೈಪು ಅವರದೇ ಪಾಲು. ಉಳಿದವರದನ್ನು ನೋಡುವುದರಲ್ಲಿ ಅವರ ಪಾಲಿನ ಸಿಮೆಂಟು ಒಣಗಿಹೋಗಿತ್ತು. ಅವರು ನೇಮಿನಾಥನ ತಂದೆ.

ನೀರು ನಿಲ್ಲಿಸಿ ನೇಮಿನಾಥ ಆ ಪಾಲಿನ ಪೈಪಿನೊಳಗೆ ಕೈ ಹಾಕಿದರೆ ಎಟುಕಿದ ಕೂಡುಕೂಡಿಗೂ ಕಡಬಿನ ಅಂಚಿನಂಥ ಉಬ್ಬು.

ಊಟಕ್ಕೆ ಕೂತಾಗ ನೇಮಿನಾಥ ವಿಷಯ ತೆಗೆದ. ಪಾರಿಸಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಉಬ್ಬು ಎಷ್ಟಂತ ಬರೀತಿ?"

"ಅರ್ಧಾ ಇಂಚ್ರಿ, ಅಪ್ಪಾ."

"ಪಾವ್ ಇಂಚ್ ಬರಿ."

"ಕಾಲಿಂಚಿಗೆ ನಲವತ್ತಾರು ಬರತೈತ್ರಿ."

"ಚಲೋ ಆತಲ್ಲ! ಎಲ್ಲಾರ್ಗೂ ನೀರು ಜಾಸ್ತಿ."

"ಕಾಗದದಾಗ ಜಾಸ್ತ್ರಿ."

ಒಳಗಿನಿಂದ ತಾಯಿ ಚಂದ್ರಮತಿ ಅಂದರು: "ಬರಿ, ಮಗನ. ಊರಿಗೆಲ್ಲಾ ಗೊತ್ತಿದ್ದದ್ದು ಮಷೀನಿಗಷ್ಟ ಯಾಕ ಮುಚ್ಚಿಡತೀರಿ?"

ಪಾರಿಸಪ್ಪ ಅನ್ನಕ್ಕೆ ಮಜ್ಜಿಗೆ ಹಾಕಿ ಕಲಸಿದರು. "ಹೆಸರು ಹಾಕಬ್ಯಾಡ," ಎಂದರು ಕೊನೆಗೆ. "ಎರಡನೇ ಭಾಗ ಅಂತ ಬರಿ."

ಮರುದಿನ ಶಾಲು ಸರಿಸಿ ಎರಡನೇ ಭಾಗದ ಉಬ್ಬಿಗೆ ಅರ್ಧ ಇಂಚು ಹಾಕಿದ. ಮಧ್ಯಾಹ್ನಕ್ಕೆ ನಲವತ್ತೊಂದೂವರೆ ಬಂತು.

ಸೋಮವಾರ ಪರೀಕ್ಷಕರು ಪುಟ ತಿರುವಿ ಕನ್ನಡಕ ಏರಿಸಿದರು. "ಒಂದೇ ಪೈಪು, ಒಂದೇ ಸಿಮೆಂಟು. ಎರಡನೇ ಭಾಗ ಮಾತ್ರ ಯಾಕಿಷ್ಟು ಒರಟು?"

"ಆ ಪಾಲಿನವರು ಉಳಿದವರ ಮೇಲ್ವಿಚಾರಣೆಗೆ ಹೋಗಿದ್ದರು ಸರ್."

ಪರೀಕ್ಷಕರೂ ಎಲ್ಲೋ ಒಂದು ಊರಿನವರೇ. ನಕ್ಕು ಸಹಿ ಹಾಕಿದರು.